ಅಂಟು ಬಿಟ್ಟ ಚಿತ್ರ

ಜುಲೈ 3

ಅತ್ತೆ,

ಬಂದು ತಲುಪಿದೆ, ಹೊಟ್ಟೆಗೆ ಸರಿಯಾಗಿ ಬೀಳುತ್ತಿದೆ, ಕೋಣೆಗೆ ಕಿಟಕಿ ಇದೆ. ನೀನು ಕೇಳುವ ಮೊದಲೇ ಎಲ್ಲಕ್ಕೂ ಉತ್ತರ ಹೇಳಿಬಿಟ್ಟೆ. ಇನ್ನು ನನ್ನ ಹೊಟ್ಟೆ ಉರಿ ಕೇಳು.

ಮನೆ ಒಡತಿ ಮೊದಲ ದಿನವೇ, "ಏನು ಓದಿದ್ದೀಯಮ್ಮ?" ಎಂದರು. ಚಿತ್ರಕಲೆ ಓದಿದೆ, ಆಮೇಲೆ ಗ್ರಂಥಾಲಯ ವಿಜ್ಞಾನ ಓದಿದೆ, ಈಗ ಇಲ್ಲಿಯ ಕಲಾ ಕಾಲೇಜಿನ ಗ್ರಂಥಾಲಯಕ್ಕೆ ತರಬೇತಿಗೆ ಬಂದಿದ್ದೇನೆ, ಇದು ಮುಗಿದರೆ ಕಲಾ ಗ್ರಂಥಪಾಲಕಿ ಆಗುತ್ತೇನೆ ಎಂದೆ. "ಅಂದ್ರೆ ಪುಸ್ತಕ ಕೊಡೋದು, ವಾಪಸ್ ಇಸ್ಕೊಳ್ಳೋದು. ಅಷ್ಟಕ್ಕೆ ಇಷ್ಟೆಲ್ಲಾ ಓದಬೇಕಾ?" ಎಂದು ನಕ್ಕುಬಿಟ್ಟರು. ಚಿಕ್ಕಪ್ಪನೂ ಇದನ್ನೇ ತಾನೇ ಹೇಳಿದ್ದು? "ಬಣ್ಣ ಕಲಿತು ಧೂಳು ಒರೆಸೋಕೆ ಹೊರಟಳು" ಅಂತ. ಊರು ಬಿಟ್ಟು ಬಂದರೂ ಚಿಕ್ಕಪ್ಪ ತಪ್ಪಲಿಲ್ಲ ನೋಡು.

ಇಬ್ಬರನ್ನೂ ಒಂದು ದಿನ ಇಲ್ಲಿ ತಂದು ನಿಲ್ಲಿಸಬೇಕು. ಇಲ್ಲಿನ ದೊಡ್ಡ ಪುಸ್ತಕಗಳು ನಿಲ್ಲುವುದಿಲ್ಲ, ಮಲಗುತ್ತವೆ. ನಿಲ್ಲಿಸಿದರೆ ತಮ್ಮ ಭಾರಕ್ಕೇ ಬೆನ್ನು ಹರಿದುಕೊಳ್ಳುತ್ತವೆ. ಹಳೆಯ ಚಿತ್ರಸಂಪುಟಗಳಲ್ಲಿ ಬಣ್ಣದ ಚಿತ್ರಗಳನ್ನು ಬೇರೆ ಕಾಗದದಲ್ಲಿ ಅಚ್ಚು ಹಾಕಿ, ಮೇಲಿನ ಅಂಚಿಗೆ ಮಾತ್ರ ಅಂಟು ಹಚ್ಚಿ, ದಪ್ಪ ಪುಟದ ಮೇಲೆ ಕೂರಿಸಿರುತ್ತಾರೆ. ಅವನ್ನು ಓದುಗರ ಕೈಗೆ ಕೊಡುವ ಮೊದಲು ಎಣಿಸಬೇಕು, ವಾಪಸು ಬಂದಾಗ ಮತ್ತೆ ಎಣಿಸಬೇಕು. ಇನ್ನು ಬಿಡಿ ಚಿತ್ರಗಳ ಪೆಟ್ಟಿಗೆಗಳು. ಹಳೆಯ ಕ್ಯಾಲೆಂಡರು, ಪತ್ರಿಕೆ, ಕೆಟ್ಟುಹೋದ ಪುಸ್ತಕಗಳಿಂದ ಉಳಿಸಿಕೊಂಡ ಚಿತ್ರಗಳನ್ನು ವಿಷಯ ನೋಡಿ ವಿಂಗಡಿಸಿಟ್ಟಿದ್ದಾರೆ: ಕುದುರೆ, ಮೋಡ, ಮೆಟ್ಟಿಲು, ಕೈಗಳು, ಮಲಗಿದವರು. ಚಿತ್ರ ಬರೆಯುವ ಮಕ್ಕಳು ಪುಸ್ತಕದ ಹೆಸರು ಹೇಳುವುದಿಲ್ಲ ಅತ್ತೆ, "ಬೆನ್ನು ತಿರುಗಿಸಿ ಕೂತಿರೋ ಹೆಂಗಸು ಬೇಕಿತ್ತು" ಎನ್ನುತ್ತಾರೆ. ಅಂಥ ಹೆಂಗಸನ್ನು ಇಡೀ ಗ್ರಂಥಾಲಯ ಜಾಲಾಡಿ ಹುಡುಕಿಕೊಡುವುದು ಬರೀ ಕೊಡೋದು ಇಸ್ಕೊಳ್ಳೋದಾ? ಮೈ ಉರಿಯುತ್ತದೆ.

ಹಿರಿಯ ಗ್ರಂಥಪಾಲಕರಿಗೆ ಹುಡುಗರು ಇಟ್ಟಿರುವ ಹೆಸರು ಶ್ಶ್ ಸರ್. ಯಾರಾದರೂ ಉಸಿರು ಜೋರಾಗಿ ಬಿಟ್ಟರೂ ಅವರ ಬಾಯಿಂದ ಅದೇ ಬರುತ್ತದೆ. ಆದರೆ ಕೆಲಸದಲ್ಲಿ ಭಾರಿ ಚುರುಕು. ಮೇಜಿನ ಮೇಲೆ ಬಿಡಿ ಚಿತ್ರವೊಂದು ಬಿದ್ದಿದ್ದರೆ ಸಾಕು, ಹಿಂಬದಿಯಲ್ಲಿ ಪೆನ್ಸಿಲಿನಿಂದ ವಿಷಯ ಬರೆದು ಪೆಟ್ಟಿಗೆಗೆ ಸೇರಿಸಿಯೇ ಮುಂದಿನ ಕೆಲಸ. ಕೊನೆಯಲ್ಲಿ ಅವರು ಬರೆದುಕೊಡುವ ಪ್ರಮಾಣಪತ್ರ ಇಲ್ಲದೆ ಯಾವ ಕಲಾ ಗ್ರಂಥಾಲಯವೂ ನನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅರ್ಜಿ ಹಾಕಿದವರು ಅಷ್ಟು ಜನ ಇದ್ದರಂತೆ, ಅವರಲ್ಲಿ ನನ್ನನ್ನೇ ಆರಿಸಿದ್ದಾರೆ! ಚಿಕ್ಕಪ್ಪನಿಗೆ ಇದನ್ನು ಜೋರಾಗಿ ಓದಿ ಹೇಳು.

ಪುಟ್ಟಿ

ಜುಲೈ 14

ಪುಟ್ಟಿ,

ಜೋರಾಗಿಯೇ ಓದಿದೆ. ನಿನ್ನ ಚಿಕ್ಕಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಅದು ತಲೆಕೆಳಗಾಗಿತ್ತು.

ನಿನ್ನ ಮನೆ ಒಡತಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಶಾಲೆಯಲ್ಲಿ ಚಿತ್ರದ ಟೀಚರಾಗಿ ಜೀವ ಸವೆಸಿದವಳು ನಾನು. ಗಣಿತದವರು ಪಾಠ ಮುಗಿಸಿಲ್ಲ ಅಂತ ನನ್ನ ಪಿರಿಯಡ್ ಕಿತ್ತುಕೊಳ್ಳುತ್ತಿದ್ದರು. "ನಿಮ್ಮದು ಹೇಗೂ ಚಿತ್ರ ತಾನೇ ಮೇಡಂ" ಎನ್ನುತ್ತಿದ್ದರು, ನಗುತ್ತಾ. ಒಂದು ದಿನವಾದರೂ ನಾನು ಗಣಿತದ ಪಿರಿಯಡ್ ಕಿತ್ತುಕೊಂಡೆನಾ? ಈಗ ನೆನೆದರೂ ರೇಗುತ್ತದೆ.

ನಾನು ಓದುವಾಗ ಗ್ರಂಥಾಲಯದ ಚಿತ್ರಪುಸ್ತಕಗಳು ಗಾಜಿನ ಬೀರುವಿನೊಳಗೆ ಇರುತ್ತಿದ್ದವು. ಬೀಗ ಹಾಕಿ. ಹೊರಗಿನಿಂದ ಬೆನ್ನುಗಳನ್ನು ನೋಡಿಕೊಂಡೇ ನಾವು ಪರೀಕ್ಷೆ ಪಾಸಾದೆವು. ನಿನ್ನ ಕೈಗೆ ಬೀಗದ ಕೈ ಬಂದರೆ ಬೀರು ತೆರೆದಿಡು. ಮಕ್ಕಳ ಕೈ ಮಸಿಯಾಗಿದೆ ಅಂತ ಹೊರಗೆ ನಿಲ್ಲಿಸಬೇಡ. ಚಿತ್ರ ಬರೆಯುವವರ ಕೈ ಮಸಿಯಾಗದೆ ಇನ್ನು ಯಾರದು ಆಗಬೇಕು?

ಹಿರಿಯ ಗ್ರಂಥಪಾಲಕರು ನಿನ್ನ ಜೊತೆ ಹೇಗಿದ್ದಾರೆ ಬರಿ. ಅವರು ಹೇಳಿದಂತೆ ಕೇಳು. ಎದುರು ಮಾತಾಡಬೇಡ. ನಿನ್ನ ಬಾಯಿ ನನಗೆ ಗೊತ್ತು, ಅದು ನನ್ನದೇ.

ಅತ್ತೆ

ಆಗಸ್ಟ್ 9

ಅತ್ತೆ,

ಕಳ್ಳಿಯನ್ನು ಹಿಡಿದೆವು!

ಮೊದಲಿನಿಂದ ಹೇಳುತ್ತೇನೆ. ಇಲ್ಲಿಯ ಅತ್ಯಂತ ಹಳೆಯ ಚಿತ್ರಸಂಪುಟ ಒಂದಿದೆ. ಅದರಲ್ಲಿ ಮುದುಕಿಯೊಬ್ಬಳ ಕೈಗಳ ಚಿತ್ರ. ಬರೀ ಕೈಗಳು, ಮಡಿಲಲ್ಲಿ ಒಂದರ ಮೇಲೊಂದು. ಮೊದಲ ಸಲ ನೋಡಿದಾಗ ನಾನು ಅಲ್ಲೇ ನಿಂತುಬಿಟ್ಟಿದ್ದೆ. ಮೊನ್ನೆ ಪುಸ್ತಕ ತೆರೆದರೆ ಆ ಜಾಗ ಖಾಲಿ! ಶ್ಶ್ ಸರ್ ಮುಖ ಬೂದಿಯಾಯಿತು. "ಬ್ಲೇಡಿನ ಕೆಲಸ," ಎಂದರು. ಮಗುವಿನ ಮೇಲೆ ಕೈ ಮಾಡಿದವರನ್ನು ಕಂಡ ಹಾಗಾಯಿತು ನನಗೆ. ಎಂಥ ಜನ ಅತ್ತೆ ಇವರು! ಎಲ್ಲರೂ ನೋಡಬೇಕಾದ್ದನ್ನು ಕತ್ತರಿಸಿ ತಮ್ಮ ಗೋಡೆಗೆ ಅಂಟಿಸಿಕೊಳ್ಳುವವರು ಊಟ ಮಾಡುವ ತಟ್ಟೆಗೇ ಉಗಿಯುವವರು.

ಕೊನೆಯದಾಗಿ ಆ ಪುಸ್ತಕ ನೋಡಿದವಳು ಎರಡನೇ ವರ್ಷದ ಹುಡುಗಿ. ಅವಳು ವಾಪಸು ಕೊಟ್ಟ ದಿನ ಗಡಿಬಿಡಿಯಲ್ಲಿ ಚಿತ್ರ ಎಣಿಸುವುದು ತಪ್ಪಿಹೋಗಿತ್ತು. ಅವಳಿಗೆ ಎಲ್ಲರೂ ಇದ್ದಿಲು ಎನ್ನುತ್ತಾರೆ, ಇದ್ದಿಲು ಕಡ್ಡಿಯಲ್ಲೇ ಬರೆಯುತ್ತಾಳೆ, ಮೊಣಕೈವರೆಗೆ ಕರಿ. ದಿನಾ ಬಂದು ಆ ಕೈಗಳನ್ನೇ ನೋಡುತ್ತಾ ಕೂರುತ್ತಿದ್ದಳು. ನಿನ್ನೆ ಓದುವ ಕೋಣೆ ತುಂಬಿದ್ದಾಗ ಒಳಗೆ ಬಂದಳು. ಶ್ಶ್ ಸರ್ ನನ್ನ ಕಡೆ ನೋಡಿದರು. ನಾನೇ ಅವಳ ಚೀಲ ಇಸ್ಕೊಂಡು ಮೇಜಿನ ಮೇಲೆ ಸುರಿದೆ. ಚೀಲದ ಒಳಗಿನ ಜೇಬಿನಿಂದ ಏನು ಬಿತ್ತು ಗೊತ್ತಾ? ಬ್ಲೇಡು! ಇಡೀ ಕೋಣೆ ನೋಡಿತು.

"ಪೆನ್ಸಿಲ್ ಕೆತ್ತೋಕೆ ಅಕ್ಕ," ಎಂದಳು. ಕದ್ದವರು ಇನ್ನೇನು ಹೇಳುತ್ತಾರೆ? ಪ್ರಾಂಶುಪಾಲರು ಸಂಜೆಯೇ ಅವಳನ್ನು ಕಾಲೇಜಿನಿಂದ ತೆಗೆದುಹಾಕಿದರು. ಚಿತ್ರ ಇನ್ನೂ ಸಿಕ್ಕಿಲ್ಲ, ಎಲ್ಲಿ ಬಚ್ಚಿಟ್ಟಿದ್ದಾಳೋ. ಶ್ಶ್ ಸರ್ ನನ್ನನ್ನು ಕರೆದು, "ನಿಮಗೆ ಈ ಕೆಲಸದ ಕಣ್ಣಿದೆ," ಎಂದರು. ಇಷ್ಟು ದಿನಕ್ಕೆ ಮೊದಲ ಮೆಚ್ಚುಗೆ.

ಪುಟ್ಟಿ

ಆಗಸ್ಟ್ 17

ಬ್ಲೇಡು ಇತ್ತಂತೆ!

ಅಲ್ಲಾ ಕಣೇ, ಚಿತ್ರ ಬರೆಯುವ ಹುಡುಗಿಯ ಚೀಲದಲ್ಲಿ ಬ್ಲೇಡು ಇರದೆ ಲಾಲಿಪಾಪ್ ಇರುತ್ತದಾ? ಯಂತ್ರದಲ್ಲಿ ಕೆತ್ತಿದ ಪೆನ್ಸಿಲಿನಲ್ಲಿ ನೆರಳು ಕೂರುವುದಿಲ್ಲ ಅಂತ ನಿನ್ನ ಕೈಯಲ್ಲಿ ಮೊದಲ ಬ್ಲೇಡು ಇಟ್ಟವಳು ಯಾರು? ನಾನು! ಹೆಬ್ಬೆರಳು ಕೊಯ್ದುಕೊಂಡು ಮನೆಯೆಲ್ಲಾ ರಕ್ತ ಮಾಡಿದವಳು ಯಾರು? ನೀನು! ನಿನ್ನ ಚೀಲದಲ್ಲಿ ಈಗಲೂ ಒಂದು ಇದೆ, ಹೋಗಿ ನೋಡು. ಯಾರಾದರೂ ಅದನ್ನು ಮೇಜಿನ ಮೇಲೆ ಸುರಿದರಾ?

ಪತ್ರ ಓದಿ ನನಗೆ ಅನ್ನ ಇಳಿಯಲಿಲ್ಲ. ನಿನ್ನ ಚಿಕ್ಕಪ್ಪ "ಏನಾಯ್ತು?" ಎಂದ. ಏನೂ ಇಲ್ಲ ಎಂದೆ. ಅವನ ಮುಂದೆ ಹೇಳುವುದಕ್ಕೆ ನನಗೆ ನಾಚಿಕೆಯಾಯಿತು.

ಒಂದೇ ಒಂದು ಕೇಳುತ್ತೇನೆ. ಬ್ಲೇಡಿನಿಂದ ಕತ್ತರಿಸಿದರೆ ಹೊಲಿಗೆಯ ಹತ್ತಿರ ಪುಟದ ಚೂರು ಉಳಿಯುತ್ತದೆ. ಅದನ್ನು ನೀನು ನಿನ್ನ ಕಣ್ಣಿಂದ ನೋಡಿದೆಯಾ, ಅಥವಾ ದೊಡ್ಡವರು "ಬ್ಲೇಡು" ಎಂದರು ಅಂತ ನೀನೂ "ಬ್ಲೇಡು" ಎಂದೆಯಾ? ಹೋಗಿ ಪುಸ್ತಕ ತೆರೆ. ತೆರೆದು ನೋಡಿದ ಮೇಲೆ ನನಗೆ ಬರಿ, ಅಲ್ಲಿಯವರೆಗೆ ಬರೆಯಬೇಡ.

ಅತ್ತೆ

ಸೆಪ್ಟೆಂಬರ್ 2

ಅತ್ತೆ,

ತೆರೆದು ನೋಡಿದೆ.

ಪುಟ ಇಡೀ ಇದೆ. ಒಂದು ಅಂಚೂ ಕತ್ತರಿಸಿಲ್ಲ. ಮೇಲ್ಗಡೆ ಒಣಗಿ ಹಳದಿಯಾದ ಅಂಟಿನ ಗೆರೆ ಮಾತ್ರ ಉಳಿದಿದೆ, ಉಗುರಿನಿಂದ ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಚಿತ್ರ ತಾನಾಗಿ ಬಿಟ್ಟುಕೊಂಡು ಬಿದ್ದಿದೆ. ಹಳೆಯ ಸಂಪುಟಗಳ ಚಿತ್ರಗಳನ್ನು ಮೇಲಂಚಿಗೆ ಮಾತ್ರ ಅಂಟಿಸಿರುತ್ತಾರೆ ಎಂದು ಜುಲೈಯಲ್ಲಿ ನಿನಗೆ ದೊಡ್ಡದಾಗಿ ಪಾಠ ಹೇಳಿದ್ದು ನಾನೇ. ಆಗಸ್ಟಿನಲ್ಲಿ ಆ ಪಾಠ ಎಲ್ಲಿ ಹೋಗಿತ್ತು ನನಗೆ?

ಬಿದ್ದ ಚಿತ್ರ ಎಲ್ಲಿ ಹೋಗುತ್ತದೆ? ಇಲ್ಲಿ ಬಿಡಿ ಚಿತ್ರ ಹೋಗುವ ಜಾಗ ಒಂದೇ. ಪೆಟ್ಟಿಗೆಗಳ ಹತ್ತಿರ ಹೋದೆ. ಹುಡುಕುವುದೇನೂ ಇರಲಿಲ್ಲ ಅತ್ತೆ, "ಕೈಗಳು" ಎಂದು ಬರೆದ ಪೆಟ್ಟಿಗೆ ತೆಗೆದೆ, ಮುಂದುಗಡೆಯೇ ಇತ್ತು. ಹಿಂಬದಿಯಲ್ಲಿ ಗುಂಡಗಿನ ಅಕ್ಷರದಲ್ಲಿ ಪೆನ್ಸಿಲಿನಿಂದ "ಕೈಗಳು, ಮುದುಕಿ" ಎಂದು ಬರೆದಿತ್ತು. ಆ ಅಕ್ಷರ ಇಲ್ಲಿ ಎಲ್ಲರಿಗೂ ಗೊತ್ತು, ಪ್ರತಿ ಪೆಟ್ಟಿಗೆಯ ಮೇಲೂ ಅದೇ ಇದೆ.

ಚಿತ್ರ ತೆಗೆದುಕೊಂಡು ಶ್ಶ್ ಸರ್ ಕೋಣೆಗೆ ಹೋದೆ. ಕನ್ನಡಕ ಹಾಕಿಕೊಂಡು ಮುಂದೆ ನೋಡಿದರು, ಹಿಂದೆ ನೋಡಿದರು. "ಓ. ಮೇಜಿನ ಮೇಲೆ ಬಿದ್ದಿತ್ತು. ಯಾವುದೋ ಪತ್ರಿಕೇದು ಅಂದ್ಕೊಂಡೆ," ಎಂದರು. ಎಷ್ಟು ಸಮಾಧಾನವಾಗಿ ಗೊತ್ತಾ? ಕೊಡೆ ಮರೆತು ಬಂದವರ ಹಾಗೆ. ಆಮೇಲೆ ಡ್ರಾಯರಿನಿಂದ ಅಂಟಿನ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು. "ಅಂಟಿಸಿಬಿಡಿ. ಅಲ್ಲಿಗೆ ಮುಗೀತು."

"ಆ ಹುಡುಗಿ ಸರ್?"

"ಯಾವ ಹುಡುಗಿ?"

ಯಾವ ಹುಡುಗಿ ಅಂತೆ!

"ಅವಳನ್ನ ತೆಗೆದುಹಾಕಿದ್ದಾರಲ್ಲ ಸರ್, ಕಳ್ಳಿ ಅಂತ."

"ಅದು ಪ್ರಾಂಶುಪಾಲರ ತೀರ್ಮಾನ. ಈಗ ಹೋಗಿ ಚಿತ್ರ ನಮ್ಮಲ್ಲೇ ಇತ್ತು ಅಂದ್ರೆ ನಾಳೆಯಿಂದ ಯಾರು ನಮ್ಮ ಮಾತು ನಂಬ್ತಾರೆ? ಗ್ರಂಥಾಲಯದ ಮರ್ಯಾದೆ ಅಂತ ಒಂದಿರುತ್ತೆ. ನಿಮಗೂ ಇಲ್ಲಿಂದ ಪ್ರಮಾಣಪತ್ರ ತಗೊಂಡು ಹೋಗಬೇಕು ಅಲ್ವಾ?"

ಕೊನೆಯ ಮಾತನ್ನು ಅವರು ನಗುತ್ತಾ ಹೇಳಿದರು. ನಾನು ಅಂಟಿಸಿಲ್ಲ. ಚಿತ್ರ ನನ್ನ ಹತ್ತಿರವೇ ಇದೆ, ಎರಡು ರಟ್ಟುಗಳ ನಡುವೆ. ಪ್ರಾಂಶುಪಾಲರ ಹತ್ತಿರ ಹೋಗುತ್ತೇನೆ. ನೀನು "ಹೋಗು" ಎಂದು ಒಂದು ಮಾತು ಬರೆ, ಅಷ್ಟು ಸಾಕು.

ಪುಟ್ಟಿ

ಸೆಪ್ಟೆಂಬರ್ 10

ಪುಟ್ಟಿ,

ಈಗಲೇ ಹೋಗಬೇಡ.

ತರಬೇತಿ ಮುಗಿಯಲಿ, ಪ್ರಮಾಣಪತ್ರ ಕೈಗೆ ಬರಲಿ, ಆಮೇಲೆ ಯಾರ ಹತ್ತಿರ ಬೇಕಾದರೂ ಹೋಗು. ಆ ಹುಡುಗಿಗೆ ಬೇರೆ ಕಾಲೇಜು ಸಿಗುತ್ತದೆ. ನಿನಗೆ ಇನ್ನೊಬ್ಬ ಹಿರಿಯ ಗ್ರಂಥಪಾಲಕ ಸಿಗುವುದಿಲ್ಲ. ಮೇಲಿನವರನ್ನು ಎದುರು ಹಾಕಿಕೊಂಡವಳು ಎಂಬ ಹೆಸರು ಬಂದರೆ ಅದು ನಿನಗಿಂತ ಮೊದಲು ಊರೂರಿಗೆ ಹೋಗಿ ಕೂತಿರುತ್ತದೆ.

ಅವರು ಕೆಟ್ಟವರಲ್ಲ. ಹೆದರಿದವರು.

ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರು. ನಾನು ಹೇಳಿದ್ದಕ್ಕೆ ಕಾರಣ ಇದೆ.

ಅತ್ತೆ

ಸೆಪ್ಟೆಂಬರ್ 18

ಪೂಜ್ಯ ಅತ್ತೆಯವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮ ಸಲಹೆಗೆ ಧನ್ಯವಾದಗಳು.

ಆಗಸ್ಟಿನಲ್ಲಿ ಅನ್ನ ಇಳಿಯಲಿಲ್ಲ ಎಂದು ಬರೆದಿದ್ದಿರಿ. ಸೆಪ್ಟೆಂಬರಿನಲ್ಲಿ ಸರಾಗವಾಗಿ ಇಳಿಯುತ್ತಿದೆ ಎಂದು ಕಾಣುತ್ತದೆ. ಸಂತೋಷ. ಪರರ ಮನೆಯ ಹುಡುಗಿಯ ಪರವಾಗಿ ಕೂಗಾಡುವುದು ಸುಲಭ, ನಮ್ಮ ಮನೆಯ ಹುಡುಗಿಯ ಕೆಲಸಕ್ಕೆ ಕುತ್ತು ಬರುವವರೆಗೆ.

ಅವರು ಕೆಟ್ಟವರಲ್ಲ, ಹೆದರಿದವರು ಎಂದು ನಿಮಗೆ ಹೇಗೆ ಗೊತ್ತು? ಅವರನ್ನು ನೀವು ಯಾವತ್ತು ಕಂಡಿದ್ದೀರಿ?

ಇಲ್ಲಿ ಎಲ್ಲ ಕ್ಷೇಮ. ಪುಸ್ತಕ ಕೊಡುತ್ತಿದ್ದೇನೆ, ಇಸ್ಕೊಳ್ಳುತ್ತಿದ್ದೇನೆ. ನೀವು ಹೇಳಿದಂತೆ ಬಾಯಿ ಮುಚ್ಚಿಕೊಂಡಿದ್ದೇನೆ.

ಇತಿ, ನಿಮ್ಮ ಸೊಸೆ

ಅಕ್ಟೋಬರ್ 6

ಪುಟ್ಟಿ,

ಹುಟ್ಟಿದಾಗಿನಿಂದ ನಾನು ಎತ್ತಿ ಆಡಿಸಿದವಳು, ನನ್ನ ಸೆರಗಿಗೆ ಮೂಗು ಒರೆಸಿದವಳು, ನನಗೆ "ನೀವು" ಎಂದು ಬರೆದಿದ್ದೀಯ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಧನ್ಯವಾದಗಳು" ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಸಿಟ್ಟಿಗೆ ಅತ್ತಿದ್ದು, ದುಃಖಕ್ಕಲ್ಲ, ತಿಳಿದುಕೋ.

ಇನ್ನೊಂದು ಪತ್ರ ಬರುತ್ತದೆ ಎಂದು ಕಾದೆ. ಬರಲಿಲ್ಲ. ಸರಿ, ನಾನೇ ಹೇಳುತ್ತೇನೆ.

ನಿಮ್ಮ ಶ್ಶ್ ಸರ್ ಮತ್ತು ನಾನು ಒಂದೇ ತರಗತಿಯಲ್ಲಿ ಚಿತ್ರ ಕಲಿತವರು. ಅವನು ನನಗಿಂತ ಚೆನ್ನಾಗಿ ಬರೆಯುತ್ತಿದ್ದ. ಮೇಷ್ಟ್ರು ಒಮ್ಮೆ ಎಲ್ಲರ ಎದುರು ಅವನ ಚಿತ್ರ ಎತ್ತಿ ಹಿಡಿದು ನಕ್ಕರು, ಅವತ್ತಿನಿಂದ ಅವನು ಬರೆಯುವುದನ್ನೇ ಬಿಟ್ಟ. ಎಲ್ಲರ ಎದುರು ನಗೆಪಾಟಲಾಗುವುದು ಎಂದರೆ ಅವನಿಗೆ ಜೀವಭಯ. ಅದಕ್ಕೇ ಹೆದರಿದವನು ಎಂದೆ. ಅದು ಅವನ ಪರವಾದ ಮಾತಲ್ಲ. ತನಗೆ ಆದದ್ದನ್ನೇ ಆ ಹುಡುಗಿಗೆ ಮಾಡಿದ್ದಾನಲ್ಲ ಎಂದು ನೆನೆದರೆ ಇನ್ನೂ ಹೆಚ್ಚು ಹೊಟ್ಟೆ ಉರಿಯುತ್ತದೆ.

ನಿನ್ನ ಅರ್ಜಿ ಹೋದಾಗ ನಾನು ಅವನಿಗೆ ಬರೆದೆ. ಬೇಡಿಕೊಂಡೆ. ಹೌದು. ನನ್ನ ಜೀವಮಾನದಲ್ಲಿ ಹೆಡ್‌ಮಾಸ್ಟರ ಮುಂದೆ ಕೈಕಟ್ಟಿ ನಿಂತವಳಲ್ಲ, ಕಿತ್ತುಕೊಂಡ ಪಿರಿಯಡ್ ವಾಪಸು ಕೊಡಿ ಎಂದೂ ಕೇಳಿದವಳಲ್ಲ. ನಿನಗಾಗಿ ಕೇಳಿದೆ. "ನನ್ನ ಅಣ್ಣನ ಮಗಳು, ಮಾತು ಮೀರುವುದಿಲ್ಲ, ನಾನು ಜವಾಬ್ದಾರಿ" ಎಂದು ಬರೆದುಕೊಟ್ಟೆ. ನಿನ್ನನ್ನು ಆರಿಸಿದ್ದು ಹಾಗೆ. ಅದಕ್ಕೇ ನಿನ್ನ ಬಾಯಿ ಮುಚ್ಚಿಸಿದೆ. ನನ್ನ ಮಾತು ಉಳಿಸಿಕೊಳ್ಳುವುದಕ್ಕೆ ನಿನ್ನ ಮಾತು ನುಂಗಿಸಿದೆ.

ಈಗ ಬೇಕಾದರೆ "ತಾವು" ಎಂದು ಬರೆ.

ಅತ್ತೆ

ಅಕ್ಟೋಬರ್ 15

ಅತ್ತೆ,

ನಿನ್ನ ಪತ್ರ ಬಂದ ದಿನ ನಾನು ಅದನ್ನು ಹರಿದುಹಾಕಬೇಕೆಂದಿದ್ದೆ. ಅಷ್ಟು ಜನರಲ್ಲಿ ನನ್ನನ್ನೇ ಆರಿಸಿದರು ಎಂದು ಮೆರೆದೆನಲ್ಲ! ನನಗೆ ಹೇಳಬಹುದಿತ್ತು. ಹೇಳಿದ್ದರೆ ಬರುತ್ತಿರಲಿಲ್ಲ, ಅದು ನಿನಗೂ ಗೊತ್ತಿತ್ತು. ಎಲ್ಲರೂ ನನ್ನ ಒಳ್ಳೆಯದಕ್ಕೇ ನನಗೆ ಹೇಳದೆ ನಡೆಸುತ್ತೀರಿ. ಶ್ಶ್ ಸರ್ ಕೂಡ ಹಾಗೇ ಎನ್ನುತ್ತಾರೆ, ನಿಮ್ಮ ಒಳ್ಳೆಯದಕ್ಕೇ ಹೇಳ್ತಿರೋದು ಅಂತ. ಈ ವಿಷಯಕ್ಕೆ ನಿನ್ನ ಜೊತೆ ಜಗಳ ಇದೆ, ಎದುರು ಕೂತು ಆಡುತ್ತೇನೆ. ಈಗ ನಡೆದದ್ದು ಕೇಳು.

ನಾನು ಸುಮ್ಮನಿದ್ದೆ ಎಂದು ಬರೆದಿದ್ದೆನಲ್ಲ, ನಿಜವಾಗಿಯೂ ಸುಮ್ಮನಿದ್ದೆ. ನಿನ್ನ ಮೇಲೆ ಅಷ್ಟೊಂದು ಕೋಪ ಮಾಡಿಕೊಂಡೆ, ಆದರೆ ಪ್ರಾಂಶುಪಾಲರ ಬಾಗಿಲು ತಟ್ಟಲಿಲ್ಲ. ನೀನು ಬೇಡ ಎಂದದ್ದು ನನಗೆ ಒಳ್ಳೆಯ ನೆಪವಾಯಿತು. ನಿನ್ನ ಪತ್ರ ಬಂದ ಮೇಲೆ ಆ ನೆಪವೂ ಹೋಯಿತು.

ಮೊದಲು ಇದ್ದಿಲನ್ನು ಹುಡುಕಿಕೊಂಡು ಹೋದೆ. ಬೇರೆ ಕಾಲೇಜು ಸಿಗುತ್ತದೆ ಎಂದಿದ್ದೆ ನೀನು. ಕಳ್ಳಿ ಎಂಬ ಹೆಸರು ಹೊತ್ತು ಬಂದವಳಿಗೆ ಯಾವ ಕಾಲೇಜು ಬಾಗಿಲು ತೆಗೆಯುತ್ತದೆ? ಅಂಗಡಿಗಳ ಬೋರ್ಡು ಬರೆಯುವ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ನಾನು ಹೋದಾಗ ಏಣಿಯ ಮೇಲೆ ಕೂತು ಯಾವುದೋ ಚಪ್ಪಲಿ ಅಂಗಡಿಯ ಬೋರ್ಡಿಗೆ ಕೆಂಪು ತುಂಬುತ್ತಿದ್ದಳು. ಕೈಯಲ್ಲಿ ಕರಿ ಒಂದು ಚೂರೂ ಇರಲಿಲ್ಲ.

ಎಲ್ಲ ಹೇಳಿದೆ. ಅಂಟು, ಪೆಟ್ಟಿಗೆ, ಪೆನ್ಸಿಲಿನ ಬರಹ. ತಪ್ಪಾಯಿತು ಎಂದೆ. ಅವಳು ಕುಂಚ ನಿಲ್ಲಿಸಲೇ ಇಲ್ಲ. ಅಕ್ಷರದ ಅಂಚು ಮುಗಿಸಿದ ಮೇಲೆ ಕೇಳಿದಳು.

"ಅವತ್ತು ನನ್ನ ಚೀಲ ಸುರಿದೋರು ಯಾರು ಅಕ್ಕ?"

"ನಾನೇ."

"ಎಲ್ಲಿ?"

"ಓದೋ ಕೋಣೇಲಿ."

"ಎಷ್ಟು ಜನ ಇದ್ರು?"

"ಕೋಣೆ ತುಂಬಿತ್ತು."

"ಅಷ್ಟೂ ಜನರ ಎದುರು ಸುರಿದ್ರಿ. ಈಗ ಶೆಡ್ಡಿಗೆ ಬಂದು ನನ್ನೊಬ್ಬಳ ಕಿವೀಲಿ ತಪ್ಪಾಯ್ತು ಅಂತೀರ. ಚೆನ್ನಾಗಿದೆ!" ಎಂದಳು. "ಅಮ್ಮ ಕೂಡ ನನ್ನ ಕೇಳಿದ್ಲು ಅಕ್ಕ, ನಿಜ ಹೇಳು, ತಗೊಂಡ್ಯಾ ಅಂತ. ನನ್ನ ಹೆತ್ತೋಳು. ನಾನು ಇಲ್ಲ ಅಂದಿದ್ದಕ್ಕೆ, ಆಯ್ತು ಬಿಡು, ಅಂದ್ಲು. ಆಯ್ತು ಬಿಡು ಅಂದ್ರೆ ನಂಬಿದೆ ಅಂತಾನಾ?"

ನಾನು ಅಲ್ಲಿ ಅಳುವುದಕ್ಕೆ ಶುರುಮಾಡಿದೆ. ಅವಳಿಗೆ ಇನ್ನಷ್ಟು ರೇಗಿತು. "ನೀವ್ಯಾಕೆ ಅಳ್ತೀರ?" ಎಂದು ಏಣಿಯ ಮೇಲಿನಿಂದಲೇ ಗದರಿದಳು.

ಮಾರನೆಯ ದಿನ ಪ್ರಾಂಶುಪಾಲರ ಹತ್ತಿರ ಹೋಗಲಿಲ್ಲ. ಅದೂ ಒಂದು ಮುಚ್ಚಿದ ಕೋಣೆಯೇ. ಮಧ್ಯಾಹ್ನ ತರಗತಿ ಬಿಟ್ಟು ಓದುವ ಕೋಣೆ ತುಂಬುವವರೆಗೆ ಕಾದೆ. ಚೀಲ ಸುರಿದ ಮೇಜಿನ ಹತ್ತಿರವೇ ನಿಂತು ಹೇಳಿದೆ.

"ಎಲ್ರೂ ಕೇಳಿ. ಇದ್ದಿಲು ಚಿತ್ರ ಕದೀಲಿಲ್ಲ. ಅಂಟು ಒಣಗಿ ತಾನಾಗೇ ಬಿದ್ದಿತ್ತು. ನಮ್ಮ ಪೆಟ್ಟಿಗೇಲೇ ಇತ್ತು. ಪುಟ ತೆರೆದು ನೋಡದೇನೇ ಅವಳ ಚೀಲ ಸುರಿದೋಳು ನಾನು."

ಒಳಗಿನಿಂದ ಶ್ಶ್ ಸರ್ ಓಡಿ ಬಂದರು. "ಶ್ಶ್! ದನಿ ಇಳಿಸಿ. ಇದು ಗ್ರಂಥಾಲಯ."

"ಅವಳನ್ನ ಕಳ್ಳಿ ಅಂದಾಗ ಯಾರೂ ದನಿ ಇಳಿಸಲಿಲ್ಲ ಸರ್," ಎಂದೆ. ಆ ಮಾತು ಎಲ್ಲಿಂದ ಬಂತೋ, ನಿನ್ನ ಬಾಯಿಂದಲೇ ಬಂದಿರಬೇಕು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಪೆಟ್ಟಿಗೆಗೆ ಹಾಕಿದ್ಯಾರು?" ಎಂದು ಕೇಳಿದ. ನಾನು ಹೆಸರು ಹೇಳಲಿಲ್ಲ. ರಟ್ಟುಗಳ ನಡುವಿನಿಂದ ಚಿತ್ರ ತೆಗೆದು, ಹಿಂಬದಿ ಮೇಲೆ ಮಾಡಿ ಮೇಜಿನ ಮೇಲಿಟ್ಟೆ. ಒಬ್ಬೊಬ್ಬರೇ ಬಂದು ನೋಡಿದರು, ಯಾರೂ ಮುಟ್ಟಲಿಲ್ಲ. ನೋಡಿದವರು ವಾಪಸು ಹೋಗಿ ಕೂರಲಿಲ್ಲ, ಅಲ್ಲೇ ನಿಂತರು. ಶ್ಶ್ ಸರ್ ಎಲ್ಲರ ನಡುವೆ ನಿಂತಿದ್ದರು. ನೀನು ಬರೆದದ್ದು ನೆನಪಾಯಿತು, ಪಾಪ ಅನ್ನಿಸಿತು. ಆದರೆ ಅವರ ಬಾಯಿಂದ "ನಾನೇ ಹಾಕಿದ್ದು" ಎಂಬ ಒಂದು ಮಾತು ಬರಲಿಲ್ಲ ಅತ್ತೆ. ಅಷ್ಟು ಹೇಳಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. "ಹಿಂದೆ ಏನೋ ಬರೆದಿದೆ ಅಷ್ಟೆ. ಯಾರು ಬೇಕಾದ್ರೂ ಬರೀಬಹುದು," ಎಂದರು! ಬಂದಿದ್ದ ಕನಿಕರ ಅಲ್ಲೇ ಹಾರಿಹೋಯಿತು.

ಹುಡುಗರೆಲ್ಲ ಒಟ್ಟಾಗಿ ಪ್ರಾಂಶುಪಾಲರ ಕೋಣೆಗೆ ಹೋದರು. ಸಂಜೆಯ ಹೊತ್ತಿಗೆ ಇದ್ದಿಲನ್ನು ವಾಪಸು ಸೇರಿಸಿಕೊಳ್ಳುವ ಆದೇಶ ಬಂತು. ಅದರಲ್ಲಿ ಕ್ಷಮೆ ಎಂಬ ಮಾತಿಲ್ಲ, "ಪ್ರಕರಣ ಮುಕ್ತಾಯ" ಎಂದಿದೆ. ಅವಳ ಗೆಳತಿಯರು ಶೆಡ್ಡಿಗೆ ಹೋಗಿ ಹೇಳಿದಾಗ ಅವಳು ಕೇಳಿದ್ದು ಒಂದೇ ಅಂತೆ: "ಕೋಣೆ ತುಂಬಿತ್ತಾ?" ತುಂಬಿತ್ತು ಎಂದರಂತೆ. ಇವತ್ತು ಬೆಳಿಗ್ಗೆ ತರಗತಿಗೆ ಬಂದಳು. ಗ್ರಂಥಾಲಯದ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕಾಗಿಯೂ ಇಲ್ಲ.

ನನ್ನ ತರಬೇತಿ ನಿಲ್ಲಿಸಿದ್ದಾರೆ. ಪ್ರಮಾಣಪತ್ರ ಕೊಡುವುದಿಲ್ಲ, "ಸಂಸ್ಥೆಯ ಮರ್ಯಾದೆ ಕಾಯುವ ಗುಣವಿಲ್ಲ" ಎಂದು ಶ್ಶ್ ಸರ್ ಬರೆದಿದ್ದಾರೆ, ಅದೇ ಗುಂಡಗಿನ ಅಕ್ಷರದಲ್ಲಿ. ಪ್ರಾಂಶುಪಾಲರನ್ನು ಕೇಳಿದೆ. "ಅದು ಗ್ರಂಥಪಾಲಕರ ತೀರ್ಮಾನ," ಎಂದರು. ಒಬ್ಬರು ಇನ್ನೊಬ್ಬರ ಕಡೆ ತೋರಿಸುವುದನ್ನು ಇಬ್ಬರೂ ಚೆನ್ನಾಗಿ ಕಲಿತಿದ್ದಾರೆ. ಬೇರೆ ಯಾವ ಕೆಲಸಕ್ಕೂ ನನಗೆ ಮನಸ್ಸಿಲ್ಲ ಅತ್ತೆ. ಆ ಮಲಗಿದ ಪುಸ್ತಕಗಳು, ಆ ಪೆಟ್ಟಿಗೆಗಳು, "ಓಡ್ತಿರೋ ನಾಯಿ ಬೇಕಿತ್ತು" ಎಂದು ಬರುವ ಮಕ್ಕಳು, ನನಗೆ ಅದೇ ಬೇಕು. ಚಿತ್ರವನ್ನು ನಾನೇ ಅಂಟಿಸಿ ಬಂದೆ, ನೆಟ್ಟಗೆ ಕೂರಿಸಿದ್ದೇನೆ.

ನಿನ್ನ ಮಾತು ಮೀರಿದೆ. ನೀನು ಕೊಟ್ಟ ಮಾತನ್ನೂ ಮುರಿದೆ. ಇನ್ನು ಇಲ್ಲಿ ಕೂತು ಮಾಡುವುದೇನೂ ಇಲ್ಲ, ಭಾನುವಾರದ ಬಸ್ಸಿಗೆ ಊರಿಗೆ ಬರಲಾ?

ಪುಟ್ಟಿ

ಅಕ್ಟೋಬರ್ 20

ಪುಟ್ಟಿ,

ಬರಬೇಡ. ಗಂಟುಮೂಟೆ ಕಟ್ಟಿದ್ದರೆ ಬಿಚ್ಚು.

ನಾನೇ ಬರುತ್ತಿದ್ದೇನೆ. ನಿನ್ನ ಚಿಕ್ಕಪ್ಪ ಬೇಡ ಎಂದ, ಈ ವಯಸ್ಸಿನಲ್ಲಿ ಜಗಳಕ್ಕೆ ಬಸ್ಸು ಹತ್ತುತ್ತೀಯಾ ಎಂದ. ಹತ್ತುತ್ತೇನೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅವನೂ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾನೆ. "ಧೂಳು ಒರೆಸ್ತಾಳೆ ಅಂತ ನಾನು ಹೇಳಬಹುದು, ನನ್ನ ಅಣ್ಣನ ಮಗಳು. ಗುಣ ಇಲ್ಲ ಅನ್ನೋಕೆ ಅವನ್ಯಾರು?" ಅಂತೆ.

ನಾನು ಕೊಟ್ಟ ಮಾತು ಮುರಿಯಿತು ಎಂದು ಕೊರಗಬೇಡ. ಅಂಥ ಮಾತು ಕೊಡುವ ಹಕ್ಕು ನನಗಿರಲಿಲ್ಲ. ಆ ಹುಡುಗಿಯ ಮುಂದೆ ನಾನೂ ನಿಲ್ಲಬೇಕು. ಬೇರೆ ಕಾಲೇಜು ಸಿಗುತ್ತದೆ ಎಂದು ಎಷ್ಟು ಹಗುರವಾಗಿ ಬರೆದುಬಿಟ್ಟೆ, ಛೀ.

ಪ್ರಮಾಣಪತ್ರ ನೀನು ದುಡಿದು ಗಳಿಸಿದ್ದು. ಅದು ಅವನ ಮನೆಯ ಆಸ್ತಿಯಲ್ಲ. ಹೋದ ಸಲ ಅವನಿಗೆ ಬೇಡಿಕೊಂಡು ಬರೆದೆ, ಅದೂ ಗುಟ್ಟಾಗಿ. ಈ ಸಲ ಬೇಡುವುದೂ ಇಲ್ಲ, ಗುಟ್ಟೂ ಇಲ್ಲ. ಅವನು ಶ್ಶ್ ಎನ್ನಲಿ. ಗಣಿತದವರ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದ ಗಂಟಲು ಇದು.

ಓದುವ ಕೋಣೆ ಯಾವ ಹೊತ್ತಿಗೆ ತುಂಬುತ್ತದೆ ಎಂದು ಮಾತ್ರ ಕೂಡಲೇ ತಿಳಿಸು. ಆ ಹೊತ್ತಿಗೇ ಬರುತ್ತೇವೆ.

ಅತ್ತೆ